ನೋವು ಮೂಕಪ್ರಾಣಿಯ ಮಾತು



ಕುದುರೆ ಜೂಜಿನ ಬಗ್ಗೆ ನಮ್ಮ ಪತ್ರಿಕೆ ಬರೆಯಬೇಕೆ ಎಂದು ಹಿರಿಯರೊಬ್ಬರು ಕೇಳಿದರು. ಜೂಜು ಬೇಡವೆಂದು ಹೇಳುತ್ತಲೇ ಬಂದಿದ್ದೇವೆ. ಇಂದು ನಾನು ಬರೆಯುತ್ತಿರುವುದು ಜೂಜಾಡುವವನ ಬಗ್ಗೆ ಅಲ್ಲ, ಓಡುವ ಪ್ರಾಣಿಯ ಬಗ್ಗೆ.

2021ರ ಮೇ 1ರಂದು ಅಮೆರಿಕದ ಕೆಂಟಕಿ ಡರ್ಬಿಯಲ್ಲಿ ಮದೀನಾ ಸ್ಪಿರಿಟ್ ಎಂಬ ಮೂರು ವರ್ಷದ ಕುದುರೆ ಮೊದಲು ಗುರಿ ಮುಟ್ಟಿತು. ಓಟದ ನಂತರ ತೆಗೆದ ರಕ್ತದಲ್ಲಿ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತು, ಮಿಲಿಲೀಟರಿಗೆ 21 ಪಿಕೋಗ್ರಾಂ. ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ತರಬೇತುದಾರರು ಮೊದಲು ಆ ಔಷಧ ಕೊಟ್ಟೇ ಇಲ್ಲವೆಂದರು. ಎರಡೇ ದಿನದಲ್ಲಿ, ಚರ್ಮರೋಗಕ್ಕೆ ಹಚ್ಚಿದ ಮುಲಾಮಿನಲ್ಲಿತ್ತು ಎಂದರು. 2022ರ ಫೆಬ್ರವರಿಯಲ್ಲಿ ಗೆಲುವು ರದ್ದಾಯಿತು. ಅಷ್ಟರಲ್ಲಿ ಮದೀನಾ ಸ್ಪಿರಿಟ್ ಇರಲಿಲ್ಲ. ಹಿಂದಿನ ಡಿಸೆಂಬರಿನಲ್ಲೇ ಕ್ಯಾಲಿಫೋರ್ನಿಯಾದಲ್ಲಿ ತಾಲೀಮು ಮುಗಿಸುತ್ತಲೇ ಕುಸಿದು ಸತ್ತಿತ್ತು. ಮರಣೋತ್ತರ ಪರೀಕ್ಷೆಯಲ್ಲಿ ಖಚಿತ ಕಾರಣ ಸಿಗಲಿಲ್ಲ. ಆದ್ದರಿಂದ ಔಷಧವೇ ಕೊಂದಿತೆಂದು ನಾನು ಹೇಳಲಾರೆ.

ಸ್ಟೀರಾಯ್ಡ್‌ಗಳಲ್ಲಿ ಸ್ನಾಯು ಬೆಳೆಸುವ ಸ್ಟಾನೊಜೊಲಾಲ್‌ನಂಥವು ಒಂದು ಬಗೆ. ಬೀಟಾಮೆಥಸೋನ್ ಇನ್ನೊಂದು ಬಗೆ. ಅದು ಕೀಲಿನ ಬಾವು ಇಳಿಸುತ್ತದೆ, ನೋವು ತಗ್ಗಿಸುತ್ತದೆ. ವೈದ್ಯರು ಕೊಟ್ಟು, ಪ್ರಾಣಿಯನ್ನು ವಿಶ್ರಾಂತಿಗೆ ಬಿಟ್ಟರೆ ಅದು ದಯೆಯೇ. ಅದೇ ಸೂಜಿ ಚುಚ್ಚಿ ಓಟಕ್ಕೆ ಬಿಟ್ಟರೆ? ಕುಂಟಬೇಕಾದ ಕಾಲು ಕುಂಟುವುದಿಲ್ಲ. ಸುಮಾರು 500 ಕಿಲೋ ತೂಕದ ಜೀವ ಕೆಟ್ಟ ಕೀಲಿನ ಮೇಲೆಯೇ ಓಡುತ್ತದೆ. ಮೂಕಪ್ರಾಣಿಗೆ ಇರುವುದು ನೋವೊಂದೇ ಮಾತು. ಅದನ್ನೂ ಕಿತ್ತುಕೊಂಡಂತಾಯಿತು.

ರಾಜ್ಯಕ್ಕೊಂದು ನಿಯಮವಿದ್ದ ಅಮೆರಿಕ 2020ರಲ್ಲಿ ಕಾಯ್ದೆ ಮಾಡಿ, 2023ರ ಮೇ ತಿಂಗಳಿಂದ ಬಹುಪಾಲು ರಾಜ್ಯಗಳಿಗೆ ಒಂದೇ ಪರೀಕ್ಷಾ ವ್ಯವಸ್ಥೆ ತಂದಿತು.

ಇದನ್ನು ಓದುವಾಗ ನಮ್ಮ ಜಾತ್ರೆಗಳ ಎತ್ತಿನ ಗಾಡಿ ಓಟ ಕಣ್ಣಮುಂದೆ ಬಂತು. 2017ರ ತಿದ್ದುಪಡಿಯಿಂದ ಅದಕ್ಕೆ ಅನುಮತಿಯಿದೆ; 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಎತ್ತನ್ನು ಬಸವಣ್ಣನೆಂದು ಕರೆದು ಕೈಮುಗಿಯುತ್ತೇವೆ (ಅದು ಸರಿಯೋ ತಪ್ಪೋ ಬೇರೆ ಚರ್ಚೆ), ಆಮೇಲೆ ಓಟಕ್ಕೆ ಹೂಡುತ್ತೇವೆ. ನಾನು ನೋಡಿದ ಯಾವ ಓಟದಲ್ಲೂ ಎತ್ತಿನ ರಕ್ತವನ್ನಾಗಲಿ ಮೂತ್ರವನ್ನಾಗಲಿ ಪರೀಕ್ಷೆಗೆ ತೆಗೆದದ್ದು ಕಂಡಿಲ್ಲ. ಸೂಜಿಯ ಮಾತನ್ನು ಮಾತ್ರ ಕಟ್ಟೆಯ ಮೇಲೆ ಪಿಸುದನಿಯಲ್ಲಿ ಕೇಳಿದ್ದೇನೆ. ನಮ್ಮ ಕಾಯಕಕ್ಕೆ ಶುದ್ಧಿ ಬೇಕೆನ್ನುವ ನಾವು ಎತ್ತಿನ ಕಾಯಕದ ಬಗ್ಗೆ ಕೇಳಬೇಡವೆ?

ಈ ಸಲ ಜಾತ್ರಾ ಸಮಿತಿಗೆ ಪತ್ರ ಕೊಟ್ಟಿದ್ದೇನೆ. ಓಟಕ್ಕೆ ಮೊದಲು ಪಶುವೈದ್ಯರು ಪ್ರತಿ ಎತ್ತಿನ ಕಾಲು ಮುಟ್ಟಿ ನೋಡಲಿ. ಗೆದ್ದ ಜೋಡಿಯ ಮೂತ್ರ ಪ್ರಯೋಗಾಲಯಕ್ಕೆ ಹೋಗಲಿ. ವರದಿ ಬರುವವರೆಗೆ ಬಹುಮಾನ ಸಮಿತಿಯ ಬಳಿಯೇ ಇರಲಿ. ಖರ್ಚು ಯಾರದೆಂದು ಕೇಳಿದ್ದಾರೆ. ಪಟಾಕಿಗೆಂದು ಎತ್ತಿಟ್ಟ ಹಣವಿದೆಯಲ್ಲ ಎಂದು ಉತ್ತರಿಸಿದ್ದೇನೆ.