ಸಾವಯವದ ಲಾಭ ಮೊದಲು ಯಾರಿಗೆ?

ನವಿ ಮುಂಬೈನ ಮಹಾಪೆಯ ಐಟಿ ಪಾರ್ಕುಗಳಲ್ಲಿ ದುಡಿಯುವವರು ದುಬಾರಿ ಸಾವಯವ ಅಕ್ಕಿ, ಬೇಳೆಗೆ ಮನಸ್ಸು ಮಾಡುವುದು ಹೆಚ್ಚಾಗಿ ಪೌಷ್ಟಿಕಾಂಶದ ಆಸೆಯಿಂದ. ಈ ಕಾರಣ ಅಷ್ಟು ಗಟ್ಟಿಯಲ್ಲ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒರೆಗೆ ಹಚ್ಚಿ, ಸಾವಯವ ಆಹಾರ ಹೆಚ್ಚು ಪೌಷ್ಟಿಕ ಎನ್ನಲು ಬಲವಾದ ಪುರಾವೆ ಇಲ್ಲವೆಂದರು. ಅದರಲ್ಲಿ ಕೀಟನಾಶಕದ ಶೇಷ ಕಡಿಮೆ ಎಂಬುದನ್ನು ಒಪ್ಪಿದರು. 2018ರ ಫ್ರಾನ್ಸಿನ ಅಧ್ಯಯನವೊಂದು, ಸಾವಯವ ಹೆಚ್ಚು ತಿನ್ನುವವರಲ್ಲಿ ಕ್ಯಾನ್ಸರ್ ಶೇ 25ರಷ್ಟು ಕಡಿಮೆ ಎಂದಿತು. ಆದರೆ ಅಂಥವರು ಸಾಮಾನ್ಯವಾಗಿ ಉಳ್ಳವರು, ವ್ಯಾಯಾಮ ಮಾಡುವವರು. ಯಾವುದರ ಫಲ ಯಾವುದೆಂದು ಬಿಡಿಸುವುದು ಕಷ್ಟ. ಬ್ರಿಟನ್ನಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿದ 2014ರ ಅಧ್ಯಯನಕ್ಕೆ ಒಟ್ಟಾರೆ ಕ್ಯಾನ್ಸರಿನಲ್ಲಿ ಇಳಿಕೆಯೇ ಕಾಣಲಿಲ್ಲ.

ತಿನ್ನುವವರ ಊಟದ ತಟ್ಟೆಯಲ್ಲೇ ಲಾಭ ಹುಡುಕಿದರೆ ಲೆಕ್ಕ ಹೀಗೆ ಡೋಲಾಯಮಾನವಾಗಿಯೇ ಉಳಿಯುತ್ತದೆ. ಹೊಲದಲ್ಲಿ ಹುಡುಕಿದರೆ ಉತ್ತರ ಬೇರೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳದ ಸರ್ಕಾರಿ ಪ್ಲಾಂಟೇಷನ್ ಕಾರ್ಪೊರೇಷನ್ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿತು. ಅಲ್ಲಿನ ಪ್ರತಿಯೊಂದು ಕಾಯಿಲೆಗೂ ಅದೇ ಕಾರಣವೇ ಎಂಬ ತಕರಾರು ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಆದರೂ ಸುಪ್ರೀಂ ಕೋರ್ಟ್ 2011ರಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಆ ಪರಿಹಾರ ಗೋಡಂಬಿ ತಿಂದವರಿಗಲ್ಲ, ಮರಗಳ ಕೆಳಗೆ ಬದುಕಿದ ಪಡ್ರೆಯಂಥ ಊರುಗಳ ಜನರಿಗೆ. ಅದೇ 2017ರಲ್ಲಿ ನಮ್ಮ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಔಷಧಿ ಸಿಂಪಡಿಸುತ್ತಲೇ ವಿಷವೇರಿ ಇಪ್ಪತ್ತರಷ್ಟು ರೈತರು, ಕೂಲಿಕಾರರು ಸತ್ತರು. ಅವರು ಬೆಳೆಯುತ್ತಿದ್ದುದು ಹತ್ತಿ. ಗ್ರಾಹಕನ ಹೊಟ್ಟೆಯನ್ನೇ ಅಳತೆಗೋಲಾಗಿ ಹಿಡಿದರೆ ಈ ಸಾವುಗಳಿಗೆ ಲೆಕ್ಕದಲ್ಲಿ ಜಾಗವೇ ಇಲ್ಲ.

ಸಾವಯವದಿಂದ ದೇಶದ ಹೊಟ್ಟೆ ತುಂಬದು ಎನ್ನುವವರು ಶ್ರೀಲಂಕಾವನ್ನು ತೋರಿಸುತ್ತಾರೆ. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿತು. ಭತ್ತದ ಇಳುವರಿ ಕುಸಿಯಿತು, ವರ್ಷ ತುಂಬುವ ಮೊದಲೇ ಹಿಂದೆ ಸರಿಯಬೇಕಾಯಿತು. ಈ ಎಚ್ಚರಿಕೆ ನ್ಯಾಯವಾದದ್ದೇ. ಆದರೆ ಅದು ಪಾಠ ಹೇಳುವುದು ಅವಸರದ ಬಗ್ಗೆ. ನಮ್ಮ ಪ್ರಮಾಣೀಕರಣ ನಿಯಮವೇ ವಾರ್ಷಿಕ ಬೆಳೆಗಳಿಗೆ ಕನಿಷ್ಠ ಎರಡು ವರ್ಷ, ಬಹುವಾರ್ಷಿಕ ಬೆಳೆಗಳಿಗೆ ಮೂರು ವರ್ಷ ಪರಿವರ್ತನೆಯ ಅವಧಿ ಇಟ್ಟಿದೆ. ಆಗ ಇಳುವರಿ ಇಳಿಯಬಹುದು, ಸಾವಯವದ ಬೆಲೆಯೂ ಸಿಗದು. ನಷ್ಟ ರೈತನ ತಲೆಗೆ. ಬೆಲೆ ಹೆಚ್ಚೆಂದು ಗೊಣಗುವ ಮುನ್ನ ಇದನ್ನು ನೆನೆಯಬೇಕು. ನಕಲಿ ಮಾಲಿನ ಅನುಮಾನವೂ ಸರಿಯೇ. ಪೊಟ್ಟಣದ ಮೇಲೆ ಸಾವಯವ ಪ್ರಮಾಣೀಕರಣದ ಮುದ್ರೆ ನೋಡುವುದು ಅದಕ್ಕೇ. ಇನ್ನು ರೈಲು ಹಳಿಗಳ ಪಕ್ಕ ಚರಂಡಿ ನೀರು ಕುಡಿದು ಬೆಳೆದ ಸೊಪ್ಪು, ರಾಸಾಯನಿಕ ತಾಗಿಸದಿದ್ದರೂ, ಶುದ್ಧವಾಗುವುದಿಲ್ಲ.

ಪರಿವರ್ತನೆಯ ನಷ್ಟ ರೈತನ ಮೇಲೆ ಬೀಳುವುದರಿಂದ, ಒಂದೊಂದು ಮನೆ ಕಿಲೋಗಟ್ಟಲೆ ಕೊಳ್ಳುವುದಕ್ಕಿಂತ ಮಹಾಪೆಯ ಕಂಪನಿಗಳ ಕ್ಯಾಂಟೀನುಗಳು ಒಟ್ಟಾಗಿ ಪರಿವರ್ತನೆಯ ಹಂತದಲ್ಲಿರುವ ರೈತರಿಂದ ಅಕ್ಕಿ, ಜೋಳ, ತೊಗರಿಯನ್ನು ಮೂರು ವರ್ಷದ ಕರಾರಿನಲ್ಲಿ ಕೊಂಡರೆ ಫಲ ಹೆಚ್ಚು. ಕಾಳುಕಡಿ ಬೇಗ ಕೆಡುವುದಿಲ್ಲ, ಸಾಗಣೆಯೂ ಸುಲಭ. ತರಕಾರಿಯ ಸರದಿ ಆಮೇಲೆ ಬರಲಿ.