ವಿಷವಿದ್ದ ಮಾತ್ರಕ್ಕೆ ಅಪರಾಧ ಸಿದ್ಧವೇ?

ಮರದ ಬುಡದಲ್ಲಿ ಹುಲ್ಲು ಬೆಳೆಯದಿದ್ದರೆ ಮರದ ಎಲೆಯಲ್ಲಿ ವಿಷವಿದೆಯೆಂದು ಹೇಳಿಬಿಡುವುದು ಸುಲಭ. ಈ ಮಾತು ಬರಿಯ ಕಲ್ಪನೆಯೇನೂ ಅಲ್ಲ. ಒಂದು ಸಸ್ಯವು ಹೊರಸೂಸುವ ರಾಸಾಯನಿಕ ವಸ್ತುಗಳು ಮತ್ತೊಂದರ ಬೆಳವಣಿಗೆಯ ಮೇಲೆ ಪ್ರಭಾವ ಬೀರುವುದನ್ನು ಆಸ್ಟ್ರಿಯದ ಸಸ್ಯವಿಜ್ಞಾನಿ ಹಾನ್ಸ್ ಮೋಲಿಷ್ ಅವರು 1937ರಲ್ಲಿ ‘ಅಲಿಲೋಪತಿ’ ಎಂದು ಹೆಸರಿಸಿದರು. ಅಮೆರಿಕದ ಕಪ್ಪು ವಾಲ್‌ನಟ್ ಮರದಲ್ಲಿ ಜುಗ್ಲೋನ್, ನಮ್ಮಲ್ಲಿ ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂನಲ್ಲಿ ಪಾರ್ಥೆನಿನ್—ಇಂತಹ ವಿಷಗಳು ಇರುವುದು ನಿಜ. ಆದರೆ ಗಿಡದಲ್ಲಿ ವಿಷವಿರುವುದು ಬೇರೆ, ನೆರೆಯ ಗಿಡವನ್ನು ಆ ವಿಷವೇ ಕುಗ್ಗಿಸಿತೆಂಬುದು ಬೇರೆ. ಈ ಅಂತರವನ್ನು ವಿದ್ಯಾರ್ಥಿಗಳು ಮರೆಯಬಾರದೆಂಬುದೇ ನಮ್ಮ ಅಭಿಪ್ರಾಯ.

ಇದಕ್ಕೆ ಕ್ಯಾಲಿಫೋರ್ನಿಯದ ಒಂದು ನಿದರ್ಶನ ಉಂಟು. ಅಲ್ಲಿ ತುಳಸಿಯ ಕುಟುಂಬಕ್ಕೆ ಸೇರಿದ ಸಾಲ್ವಿಯ ಎಂಬ ಪೊದೆಯು ಹುಲ್ಲುಗಾವಲಿನ ಅಂಚಿನಲ್ಲಿ ಬೆಳೆಯುತ್ತದೆ. ಅದರ ಸುತ್ತ ಒಂದೆರಡು ಮೀಟರ್ ಅಗಲದ ನೆಲವು ಬೋಳಾಗಿರುತ್ತದೆ. ಪೊದೆಯ ಎಲೆಗಳಿಂದ ಕರ್ಪೂರ, ನೀಲಗಿರಿ ಎಣ್ಣೆಯಲ್ಲಿಯೂ ಇರುವ ಸಿನಿಯೋಲ್ ಮುಂತಾದವುಗಳ ಆವಿ ಹೊರಡುವುದನ್ನೂ, ಅದು ಸಸಿಗಳ ಬೇರನ್ನು ಕುಂಠಿತಗೊಳಿಸುವುದನ್ನೂ ಸಿ. ಎಚ್. ಮುಲ್ಲರ್ ಮತ್ತು ಅವರ ಸಂಗಡಿಗರು 1964ರಲ್ಲಿ ಪ್ರಕಟಿಸಿದರು. ಅಪರಾಧಿ ಸಿಕ್ಕಿತೆಂದೇ ತೋರಿತು. ಆದರೆ 1970ರಲ್ಲಿ ಬ್ರೂಸ್ ಬಾರ್ಥಲೋಮ್ಯೂ ಅವರು, ಬೋಳು ನೆಲದ ಮೇಲೆ ತಂತಿಜಾಲರಿಯ ಪಂಜರಗಳನ್ನಿಟ್ಟು ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಜಾಲರಿಯು ಆವಿಯನ್ನು ತಡೆಯಲಾರದು; ಇಲಿ, ಮೊಲ, ಹಕ್ಕಿಗಳನ್ನು ತಡೆಯಬಲ್ಲದು. ಪಂಜರದೊಳಗೆ ಹುಲ್ಲು ಬೆಳೆಯಿತು! ಪೊದೆಯ ಮರೆಯಲ್ಲಿ ಅಡಗಿದ್ದ ಪ್ರಾಣಿಗಳು ಸುತ್ತಲಿನ ಬೀಜವನ್ನೂ ಮೊಳಕೆಯನ್ನೂ ತಿಂದುಹಾಕುತ್ತಿದ್ದವು. ಆವಿಯ ಗುಣ ಸುಳ್ಳಾಗಲಿಲ್ಲ. ಆದರೆ ಬೋಳು ನೆಲಕ್ಕೆ ಅದೊಂದೇ ಕಾರಣವೆಂಬ ವಾದವು ನಿಲ್ಲಲಿಲ್ಲ.

ಶಾಲಾ ಕಾಲೇಜುಗಳಲ್ಲಿ ಎಲೆಯನ್ನು ಅರೆದು, ಸೋಸಿದ ರಸವನ್ನು ರಾಗಿಯ ಕಾಳಿಗೆ ಹಾಕಿ, ಮೊಳೆತವನ್ನು ಎಣಿಸುವುದು ಒಳ್ಳೆಯ ಆರಂಭ, ಅದೇ ತೀರ್ಮಾನವಲ್ಲ. ಮಂದವಾದ ರಸವು, ಅದರಲ್ಲಿ ವಿಷವಿಲ್ಲದಿದ್ದರೂ, ಬೀಜವು ನೀರನ್ನು ಹೀರಲು ಅಡ್ಡಿಯಾಗಬಹುದು. ಹೊಲದಲ್ಲಾದರೋ ಮಳೆಯು ವಿಷವನ್ನು ತೆಳುವಾಗಿಸುತ್ತದೆ, ಜೇಡಿಯು ಹಿಡಿದಿಡುತ್ತದೆ, ಸೂಕ್ಷ್ಮಜೀವಿಗಳು ಒಡೆದುಹಾಕುತ್ತವೆ. ಆದುದರಿಂದ ಗಿಡದ ಬುಡದ ಮಣ್ಣಿನಲ್ಲಿಯೂ ದೂರದ ಮಣ್ಣಿನಲ್ಲಿಯೂ ಬೀಜ ಬಿತ್ತಿ ಹೋಲಿಸಬೇಕು. ನೆರಳು, ನೀರು, ಮೇಯುವ ಪ್ರಾಣಿ ಇವುಗಳ ಪಾತ್ರವನ್ನು ಬೇರ್ಪಡಿಸಿ ನೋಡಬೇಕು.

ಇದು ಬರಿಯ ಪಾಂಡಿತ್ಯದ ಮಾತಲ್ಲ. ನೀಲಗಿರಿ ತೋಪಿನ ಪಕ್ಕದ ಬೆಳೆ ಸೊರಗಲು ನೀರಿನ ಅಭಾವವೇ ಕಾರಣವಾಗಿದ್ದರೆ, ಉದುರಿದ ಎಲೆಯನ್ನು ಗುಡಿಸಿದ ರೈತನಿಗೆ ದಕ್ಕುವುದು ಶ್ರಮ ಮಾತ್ರ. ರೋಗವನ್ನು ತಪ್ಪಾಗಿ ಗುರುತಿಸಿದಲ್ಲಿ ಮದ್ದೂ ತಪ್ಪುತ್ತದೆ. ಸಂಶಯಕ್ಕೆ ಎಡೆಗೊಡುವ ಸಸ್ಯವನ್ನು ಹಿಡಿಯುವುದರಲ್ಲಿ ಅಲ್ಲ, ನಿರಪರಾಧಿಯನ್ನು ಬಿಡುಗಡೆ ಮಾಡಬಲ್ಲ ಪ್ರಯೋಗವನ್ನು ಹೂಡುವುದರಲ್ಲಿ ವಿಜ್ಞಾನದ ನ್ಯಾಯಬುದ್ಧಿ ಇದೆ.