ವರದಿಯೇ ತೀರ್ಪಲ್ಲ

ತಂದೆತಾಯಿಗಳು ಬೇರೆಯಾದಾಗ ಮಗು ಯಾರ ಬಳಿ ಬೆಳೆಯಬೇಕೆಂಬ ವ್ಯಾಜ್ಯದಲ್ಲಿ, ಮಗುವಿನ ಹಿತವೊಂದನ್ನೇ ವಿಚಾರಿಸಿ ಹೇಳಲೆಂದು ನ್ಯಾಯಾಲಯವು ಪ್ರತಿನಿಧಿಯೊಬ್ಬರನ್ನು ನೇಮಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಅವರು ಮಗುವಿನೊಡನೆ ಮಾತನಾಡಿ, ಹೆತ್ತವರನ್ನು ವಿಚಾರಿಸಿ, ತಮ್ಮ ಶಿಫಾರಸನ್ನು ಬರೆದುಕೊಡುತ್ತಾರೆ. ಪದ್ಧತಿ ಒಳ್ಳೆಯದೆ, ದೊಡ್ಡವರ ಕಲಹದಲ್ಲಿ ಮಗುವಿನ ದನಿ ಅಡಗಿಹೋಗಬಾರದು. ಆದರೆ ಆ ಶಿಫಾರಸನ್ನು ಪ್ರಶ್ನಿಸುವ ತಾಯಿಯೋ ತಂದೆಯೋ ಮಗುವಿಗೇ ಇದಿರಾಗಿ ನಿಂತರೆಂದು ಭಾವಿಸುವುದು ಸರಿಯಲ್ಲವೆಂದು ನಾನು ತಿಳಿದಿದ್ದೇನೆ.

ಇಂಗ್ಲೆಂಡಿನಲ್ಲಿ ಈ ಪ್ರಶ್ನೆ 1963ರಲ್ಲಿಯೇ ಎದ್ದಿತು. ಮಕ್ಕಳ ಪರವಾಗಿ ನೇಮಕಗೊಂಡ ಅಧಿಕಾರಿಯ ಗೋಪ್ಯ ವರದಿಯನ್ನು ತಾನು ಓದಬೇಕೆಂದು ತಾಯಿಯೊಬ್ಬಳು ಕೇಳಿದಳು. ಮಕ್ಕಳ ಹಿತಕ್ಕಾಗಿ ಅದನ್ನು ತಡೆಹಿಡಿಯುವ ಅಧಿಕಾರ ನ್ಯಾಯಾಧೀಶರಿಗೆ ಉಂಟೆಂದು ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು. ಅದೇ ಸಭೆ 1995ರಲ್ಲಿ, ದತ್ತು ಸ್ವೀಕಾರದ ಮೊಕದ್ದಮೆಯೊಂದರಲ್ಲಿ, ವರದಿಯನ್ನು ತೋರಿಸುವುದೇ ನಿಯಮವೆಂದೂ, ಮಗುವಿಗೆ ಗಣನೀಯವಾದ ಹಾನಿಯಾಗುವ ನಿಜವಾದ ಸಂಭವವಿದ್ದರೆ ಮಾತ್ರ ಮುಚ್ಚಿಡುವ ವಿಚಾರ ಬರಬೇಕೆಂದೂ ಹೇಳಿತು. ಈ ಎರಡನೆಯ ಮಾತೇ ನನಗೆ ಒಪ್ಪಿಗೆ. ಕಾಣದ ಆರೋಪಕ್ಕೆ ಉತ್ತರ ಕೊಡುವವರಾರು?

ವರದಿ ಹೊರಬಿದ್ದರೆ ಮಗು ಮನಸ್ಸು ಬಿಚ್ಚಿ ಮಾತನಾಡಲಾರದು, ಮನೆಗೆ ಮರಳಿದ ಮೇಲೆ ಅದಕ್ಕೆ ಕಷ್ಟವಾದೀತು ಎಂಬ ಆಕ್ಷೇಪಣೆಯಲ್ಲಿ ಸತ್ಯವಿಲ್ಲದಿಲ್ಲ. ಹಾಗೆ ಭಯವಿದ್ದಲ್ಲಿ ಮಗುವಿನ ಮಾತನ್ನು ಕಾಪಾಡಲಿ. ಆದರೆ ಶಿಫಾರಸಿನ ಕಾರಣಗಳನ್ನು ಅದರೊಡನೆ ಹೂತಿಡಬೇಕಾಗಿಲ್ಲ.

ನಮ್ಮ ನಾಡಿನ ಸ್ಥಿತಿಯನ್ನು ನೋಡಿದರೆ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ 12ನೆಯ ಕಲಮು ಕುಟುಂಬಹಿತದ ತಜ್ಞರ ನೆರವನ್ನು ಪಡೆಯಲು ನ್ಯಾಯಾಲಯಕ್ಕೆ ಅವಕಾಶ ಕೊಡುತ್ತದೆ. 14ನೆಯ ಕಲಮು, ಸಾಕ್ಷ್ಯಶಾಸನದ ಕಟ್ಟುನಿಟ್ಟಿಗೆ ಒಳಪಡದ ವರದಿಯನ್ನೂ ಸ್ವೀಕರಿಸಬಹುದೆನ್ನುತ್ತದೆ. 13ನೆಯದು, ವಕೀಲರನ್ನಿಡುವುದು ಕಕ್ಷಿಗಳ ಹಕ್ಕಲ್ಲವೆನ್ನುತ್ತದೆ. ಈ ಮೂರನ್ನೂ ಒಟ್ಟಿಗೆ ಓದಿ ನೋಡಿ: ವರದಿಗೆ ಬಾಗಿಲು ಅಗಲವಾಗಿ ತೆರೆದಿದೆ, ಅದನ್ನು ಪರೀಕ್ಷಿಸಬೇಕಾದವರ ಕೈಯಲ್ಲಿ ಸಲಕರಣೆ ಕಡಮೆ.

ಪ್ರಶ್ನಿಸುವುದೆಂದರೆ ಬರೆದವರನ್ನು ನಿಂದಿಸುವುದಲ್ಲ. ಎರಡು ಮನೆಗಳಲ್ಲಿಯೂ ಸಮಾನವಾಗಿ ಹೊತ್ತು ಕಳೆದರೆ? ಮಗುವನ್ನು ಒಂಟಿಯಾಗಿ ಮಾತನಾಡಿಸಿದರೆ, ಅಥವಾ ಬಾಗಿಲ ಬಳಿ ಯಾರಾದರೂ ನಿಂತಿದ್ದರೆ? ವರದಿಯಲ್ಲಿ ಕಣ್ಣಾರೆ ಕಂಡದ್ದೆಷ್ಟು, ಅಜ್ಜಿ ಹೇಳಿದ್ದೆಷ್ಟು, ಊಹೆ ಎಷ್ಟು? ಮಗು ಆಡಿದ್ದು ತನ್ನ ಮಾತೆ, ಕಲಿಸಿಕೊಟ್ಟ ಪಾಠವೆ? ಶಾಲೆಯ ಉಪಾಧ್ಯಾಯರನ್ನು ಕೇಳಿದರೆ? ಇಂಥ ಪಾಟೀಸವಾಲಿಗೆ ನಿಲ್ಲುವ ವರದಿ ಮತ್ತಷ್ಟು ಗಟ್ಟಿಯಾಗುತ್ತದೆ. ನಿಲ್ಲದ ವರದಿಯಿಂದ ಮಗು ಪಾರಾಗುತ್ತದೆ. ಎರಡೂ ಮಗುವಿಗೆ ಲಾಭವೇ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕೆಲವೇ ಗಂಟೆಗಳ ಭೇಟಿಯಲ್ಲಿ ಕಂಡದ್ದು ಒಂದು ಬಾಳಿನ ದಿಕ್ಕನ್ನು ನಿರ್ಣಯಿಸುವಾಗ ಆ ಮಾತು ಇನ್ನಷ್ಟು ಸಲ್ಲುತ್ತದೆ. ಮಕ್ಕಳು ಹೆತ್ತವರ ಸೊತ್ತೂ ಅಲ್ಲ, ಆಟಿಕೆಯೂ ಅಲ್ಲವೆಂಬ ಅರ್ಥದ ಮಾತನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1973ರಲ್ಲಿ ಆಡಿತು. ಅದು ದಿಟ. ಅಂತೆಯೇ ಅವರು ವರದಿಗಾರರ ಸೊತ್ತೂ ಅಲ್ಲ. ಪ್ರತಿನಿಧಿ ಸಲಹೆ ಕೊಡಲಿ, ಹೆತ್ತವರು ಅದನ್ನು ಒರೆಗೆ ಹಚ್ಚಲಿ. ತೀರ್ಪಿನ ಹೊಣೆಯನ್ನು ನ್ಯಾಯಾಧೀಶರು ತಾವೇ ಹೊರಲಿ.